ಸೊಸೆಗೆಂದು ಎತ್ತಿಟ್ಟ ಖಣ

ಅವ್ವಾ,

ನೀನು ತೀರಿಹೋದ ಮೇಲೆ ನಿನ್ನ ಟ್ರಂಕು ತೆರೆದಿರಲಿಲ್ಲ. ಸೊಸೆಗೆಂದು ಎತ್ತಿಟ್ಟಿದ್ದೆಯಲ್ಲ, ಆ ಗುಳೇದಗುಡ್ಡದ ಖಣವನ್ನು ಇವತ್ತು ಹೊರತೆಗೆದು ಕುಬಸ ಹೊಲಿಯಲು ಕೊಟ್ಟೆ. ನನಗೇ.

ಹಾರ್ಮೋನ್ ಗುಳಿಗೆ ಶುರುವಾದಾಗಿನಿಂದ ನನ್ನ ಮೈ ನಸುಕಿನ ಕನಸಿನಂತಿದೆ. ಹೌದೋ ಅಲ್ಲವೋ ಎನ್ನುವಷ್ಟು ಮೆಲ್ಲಗೆ ಹೆಣ್ಣಾಗುತ್ತಿದೆ. ಗುಳಿಗೆ ಹೆಚ್ಚಿಸಿ ಅಂದರೆ ಬಾಗಲಕೋಟೆಯ ಡಾಕ್ಟರು, "ಅವಸರ ಮಾಡಬ್ಯಾಡ್ರಿ, ಮದ್ಲ ರಕ್ತ ತಪಾಸಣಿ ಆಗ್ಲಿ" ಅನ್ನುತ್ತಾರೆ. ನನಗೆ ರೇಗುತ್ತದೆ. ಇಷ್ಟು ವರ್ಷ ಕಾದದ್ದು ಸಾಲದೇ?

ನಮ್ಮ ಓಣಿಯ ಮುಮ್ತಾಜ ಖಾಲಾ, ನನ್ನ ಸಾಲಿ ಅಂಗಿಗಳನ್ನೆಲ್ಲ ಹೊಲಿದವಳು, ಆ ಕೆಂಪು ಖಣವನ್ನು ಕಿಟಕಿಯ ಬಿಸಿಲಿಗೆ ಹಿಡಿದಳು. ಅದು ನೀರಿನಂತೆ ಮಿನುಗಿ ಅವಳ ಮುಖವೆಲ್ಲ ಕೆಂಪಾಯಿತು. ಏನೂ ಕೇಳದೆ ನನ್ನ ಎದೆಗೆ ಟೇಪು ಸುತ್ತಿದಳು.

ಸಾಲಿ ಶುರುವಾಗುವಾಗೆಲ್ಲ ನೀನು ಅಲ್ಲೇ ಅವಳ ಮನೆಯ ಹೊಸ್ತಿಲಲ್ಲಿ ನಿಂತು, "ಬೆಳಿಯೋ ಹುಡುಗ, ಹೊಲಿಗಿ ಒಳಗ ಹೆಚ್ಚಿಗಿ ಅರಿವಿ ಬಿಡವಾ, ಆಮ್ಯಾಲೆ ಬಿಚ್ಚಾಕ ಬರತೈತಿ" ಅನ್ನುತ್ತಿದ್ದೆ. ಇವತ್ತು ಹೊಸ್ತಿಲಲ್ಲಿ ಯಾರೂ ಇರಲಿಲ್ಲ.

ಖಾಲಾ ಸೀಮೆಸುಣ್ಣದಿಂದ ಗೆರೆ ಎಳೆದಳು. ಒಂದು ಗಳಿಗೆ ನನ್ನನ್ನೇ ನೋಡಿದಳು. ಆ ಗೆರೆಯಾಚೆ, ದೂರಕ್ಕೆ, ಇನ್ನೊಂದು ಗೆರೆ ಎಳೆದು ಕತ್ತರಿ ಎತ್ತಿಕೊಂಡಳು.

"ಬೆಳಿಯೋ ಹುಡುಗಿ," ಅಂದಳು. "ಒಳಗ ಅರಿವಿ ಬಿಡಬೇಕು."