ನಾಲ್ಕಡಿ ಒಂಬತ್ತಿಂಚಿನ ಕೋಟು

ನವೆಂಬರ್ 5, ಬುಧವಾರ. ಸಂಜೆ 6.30

ಹಾಜರಿಯ ಮಸ್ಟರ್ ಬರೆದು ಮುಗಿಯಿತು. ನಲವತ್ತೊಂದು ಆಳು. ಕೆಳಗಿನ ಬ್ಲಾಕಿನಲ್ಲಿ ಕಾಫಿ ಹಣ್ಣು ಒಟ್ಟಿಗೇ ಕೆಂಪಾಗಿದೆ, ಇನ್ನೂ ಇಪ್ಪತ್ತು ಜನ ಬೇಕು ಎಂದು ಮ್ಯಾನೇಜರಿಗೆ ಮೂರನೇ ಸಲ ಹೇಳಿದೆ. ನೋಡೋಣ ಎಂದರು. ಅವರು ನೋಡಿ ಮುಗಿಸುವಷ್ಟರಲ್ಲಿ ಹಣ್ಣು ನೆಲದ ಮೇಲಿರುತ್ತದೆ.

ಸ್ಟೋರಿನ ಹಿಂದೆ ನೆಟ್‌ವರ್ಕ್ ಸಿಕ್ಕಿದಾಗ ಮೇಲ್ ಬಂತು. ಇಂಟರ್‌ವ್ಯೂ! 24ನೇ ತಾರೀಖು, ನಮ್ಮ ಕಂಪನಿಯ ಚಿಕ್ಕಮಗಳೂರಿನ ಹೆಡ್ ಆಫೀಸು. ಅಸಿಸ್ಟೆಂಟ್ ಫೀಲ್ಡ್ ಮ್ಯಾನೇಜರ್ ಪೋಸ್ಟು. ಆರು ವರ್ಷ ಈ ಎಸ್ಟೇಟಿನಲ್ಲಿ ರೈಟರ್ ಆಗಿ ಬೇರೆಯವರು ಹೇಳಿದ್ದನ್ನು ಬರೆದದ್ದಾಯಿತು. ಇನ್ನು ನಾನು ಹೇಳಬೇಕು, ಬೇರೆಯವರು ಬರೆಯಬೇಕು.

ಕೊನೆಯ ಸಾಲು ನೋಡಿ ತಲೆ ಕೆಟ್ಟಿತು. ಫಾರ್ಮಲ್ ಸೂಟ್ ಕಡ್ಡಾಯ. ಮಳೆಯಲ್ಲಿ ಉಂಬಳ ಕಚ್ಚಿ ರಕ್ತ ಹೀರುವ ಕೆಲಸಕ್ಕೆ ಸೂಟು. ಎಚ್.ಆರ್. ಕೃತಿಕಾ ಮೇಡಂಗೆ ಫೋನ್ ಮಾಡಿ ಚೂಡಿದಾರ್ ನಡೆಯುತ್ತದೆಯೇ ಎಂದು ಕೇಳಿದೆ. ಪ್ಯಾನೆಲ್‌ನವರು ಮೊದಲು ನೋಡುವುದೇ ಅದನ್ನು, ರಿಸ್ಕ್ ಬೇಡ ಎಂದರು.

ಅಪ್ಪನಿಗೆ ಹೇಳಿದೆ. ಇದೇ ತೋಟದಲ್ಲಿ ಮೂವತ್ತೊಂದು ವರ್ಷದಿಂದ ಮೇಸ್ತ್ರಿ. ಒಳ್ಳೇದಾಗ್ಲಿ ಎಂದರು, ಗಂಬೂಟು ತೊಳೆಯಲು ಹೋದರು.

ನವೆಂಬರ್ 9, ಭಾನುವಾರ. ಸಂಜೆ

ಚಿಕ್ಕಮಗಳೂರು. ಅಮ್ಮನನ್ನು ಕರೆದುಕೊಂಡು ಹೋದದ್ದೇ ತಪ್ಪು.

ಮೊದಲ ಅಂಗಡಿಯಲ್ಲಿ ಲೇಡೀಸ್ ಬ್ಲೇಜರ್ ಎರಡೇ ಎರಡು. ಇದ್ದದ್ದರಲ್ಲಿ ಚಿಕ್ಕದು ಹಾಕಿದೆ. ಭುಜ ಅರ್ಧ ತೋಳಿಗೆ ಇಳಿಯಿತು, ಕೈಬೆರಳು ಮಾಯ. ಸೇಲ್ಸ್ ಹುಡುಗಿ ತೋಳು ಮಡಚಿ ಹಾಕ್ಕೊಳ್ಳಿ, ಈಗ ಅದೇ ಫ್ಯಾಷನ್ ಎಂದಳು. ಕೋಟು ತೊಡೆಯವರೆಗೆ ಬಂದಿತ್ತು. ಅದನ್ನೆಲ್ಲಿ ಮಡಚಲಿ?

ಎರಡನೇ ಅಂಗಡಿಯಲ್ಲಿ ನನ್ನನ್ನು ಒಮ್ಮೆ ನೋಡಿದವನು ಮೇಲಿನ ಮಹಡಿಗೆ ಕಳಿಸಿದ. ಹೋಗಿ ನೋಡಿದರೆ ಸ್ಕೂಲ್ ಯೂನಿಫಾರ್ಮ್ ಸೆಕ್ಷನ್. ಅಲ್ಲಿದ್ದವನು ನನ್ನ ಜೊತೆ ಮಾತೇ ಆಡಲಿಲ್ಲ. ಅಮ್ಮನನ್ನು ಕೇಳಿದ: ಮಗು ಎಷ್ಟನೇ ಕ್ಲಾಸು, ಯಾವ ಸ್ಕೂಲು. ಅಮ್ಮ ನಕ್ಕಳು. ಅದೇ ನನಗೆ ತಡೆಯಲಾಗಲಿಲ್ಲ. ಇಪ್ಪತ್ತೇಳು ವರ್ಷದ ಮಗಳಿಗೆ ಯಾವನೋ ಕ್ಲಾಸು ಕೇಳಿದರೆ ನಗುವುದೇ? ನಲವತ್ತೊಂದು ಜನರಿಗೆ ಕೆಲಸ ಹಂಚುವವಳು ನಾನು. ಅದನ್ನು ಹೇಳುವುದು ಬಿಟ್ಟು, ನಗು.

ಅಂಗಡಿಯ ಹೊರಗೆ ಬಂದು ಅಮ್ಮನ ಮೇಲೆ ಕೂಗಾಡಿದೆ. ಅವನಿಗೆ ಬೈಯಬೇಕಿತ್ತು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟು.

ನವೆಂಬರ್ 10

ಆನ್‌ಲೈನ್ ನೋಡಿದೆ. "ಪೆಟೀಟ್" ಎಂದು ಒಂದು ಸೆಕ್ಷನ್ನೇ ಇದೆ, ಕುಳ್ಳಗಿರುವವರಿಗೆ. ಖುಷಿಯಿಂದ ಒತ್ತಿದೆ. ಪೆಟೀಟ್ ಎಂದರೆ ಐದಡಿ ಮೂರಿಂಚಿನವರೆಗೆ, ಅಳತೆ ಶುರುವಾಗುವುದೇ ಐದಡಿಯಿಂದ. ನಾನು ನಾಲ್ಕಡಿ ಒಂಬತ್ತಿಂಚು. ಅಂದರೆ ಅವರ ಕುಳ್ಳಿಯರ ಲೆಕ್ಕದಲ್ಲೂ ನಾನಿಲ್ಲ.

ಆದರೂ ಒಂದು ಆರ್ಡರ್ ಹಾಕೋಣ ಎಂದರೆ ನಮ್ಮ ಪಿನ್ ಕೋಡಿಗೆ ಡೆಲಿವರಿ ಇಲ್ಲ. ಫೋನ್ ಎಸೆಯುವವಳಿದ್ದೆ... ಹಾಸಿಗೆ ಮೇಲೆ ಎಸೆದೆ.

ನವೆಂಬರ್ 12, ಬುಧವಾರ. ರಾತ್ರಿ 8

ಬಣಕಲ್. ಹೊಲಿಸುವುದೇ ಸರಿ ಎಂದು ಮಧ್ಯಾಹ್ನ ರಜ ಹಾಕಿ ಹೋದೆ. ಲೇಡೀಸ್ ಟೈಲರ್ ಸಿದ್ದಗಂಗಮ್ಮ. ನನ್ನ ಎಲ್ಲ ಬ್ಲೌಸು, ಚೂಡಿದಾರ್ ಅವರದೇ ಕೈ. ಕೋಟು ಎಂದ ಕೂಡಲೇ ಕತ್ತರಿ ಕೆಳಗಿಟ್ಟರು. ಕೋಟು ಜೆಂಟ್ಸ್ ಟೈಲರ್ ಕೆಲಸ, ಒಳಗೆ ಗಟ್ಟಿ ಕ್ಯಾನ್ವಾಸ್ ಬಟ್ಟೆ ಕೂರಿಸುವುದು ತಮಗೆ ಬರುವುದಿಲ್ಲ ಎಂದರು.

ರಸ್ತೆಯ ಆಚೆ ಜೆಂಟ್ಸ್ ಟೈಲರ್ ರೇವಣ್ಣ. ಮೂರು ಊರಿನ ಮದುಮಕ್ಕಳಿಗೆ ಸೂಟು, ಎರಡು ಸ್ಕೂಲಿಗೆ ಯೂನಿಫಾರ್ಮ್ ಹೊಲಿಯುವವರು. ಹೊಲಿದುಕೊಡುತ್ತೇನೆ, ಆದರೆ ಹೆಂಗಸರ ಅಳತೆ ತೆಗೆಯುವುದಿಲ್ಲ, ಅಪ್ಪನ ಕಾಲದಿಂದಲೂ ತೆಗೆದಿಲ್ಲ, ಅಳತೆಗೆ ಒಂದು ಕೋಟು ತಂದುಕೊಡು ಮಗಾ ಎಂದರು. ನನ್ನ ಹತ್ತಿರ ಕೋಟಿದ್ದರೆ ಇವರ ಹತ್ತಿರ ಯಾಕೆ ಬರುತ್ತಿದ್ದೆ? ಕೇಳಿದೆ. ಅದೂ ಸರಿಯೇ ಎಂದು ತಲೆ ಕೆರೆದುಕೊಂಡರು, ಅಷ್ಟೇ.

ಹೊಲಿಯುವವರು ಮುಟ್ಟುವುದಿಲ್ಲ, ಮುಟ್ಟುವವರು ಹೊಲಿಯುವುದಿಲ್ಲ. ರಸ್ತೆ ಮಧ್ಯೆ ನಿಂತು ಅಳು ಬರುವಷ್ಟು ಸಿಟ್ಟು.

ಕೊನೆಗೆ ನಾನೇ ಪಂಚಾಯ್ತಿ ಮಾಡಿದೆ. ಸಿದ್ದಗಂಗಮ್ಮ ಅಳೆಯುವುದು, ರೇವಣ್ಣ ಬರೆದುಕೊಳ್ಳುವುದು. ರೇವಣ್ಣ ಬಂದರು, ಆದರೆ ಲೇಡೀಸ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಚೀಟಿ ಪೆನ್ಸಿಲ್ ಹಿಡಿದು ಚರಂಡಿ ಕಲ್ಲಿನ ಮೇಲೆ ನಿಂತರು. ಒಳಗೆ ಪರದೆ ಹಿಂದೆ ಸಿದ್ದಗಂಗಮ್ಮ ಟೇಪು ಹಿಡಿದು ಒಂದೊಂದೇ ಕೂಗಿದರು. ಭುಜ ಹದಿಮೂರು. ಎದೆ ಮೂವತ್ತು. ಮೂಡಿಗೆರೆ ಬಸ್ಸು ನಿಂತಿತ್ತು, ಕಿಟಕಿಯಲ್ಲಿ ತಲೆಗಳು. ಎದೆ ಎಷ್ಟಂದ್ರಿ ಎಂದು ರೇವಣ್ಣ ಇನ್ನೊಮ್ಮೆ ಕೇಳಿದರು. ಸಿದ್ದಗಂಗಮ್ಮ ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದರು. ಬಣಕಲ್ಲಿಗೆಲ್ಲ ಗೊತ್ತಾಯಿತು.

ಚೀಟಿ ಕಿತ್ತುಕೊಂಡು ಉಳಿದದ್ದನ್ನು ನಾನೇ ಬರೆದುಕೊಟ್ಟೆ. ರೈಟರ್ ಕೆಲಸ ಅಲ್ಲಿಗೂ ಬಂತು.

ನವೆಂಬರ್ 18, ಮಂಗಳವಾರ

ಟ್ರಯಲ್. ಹಾಕಿಕೊಂಡು ಕನ್ನಡಿ ನೋಡಿದೆ. ತೋಳು ಎರಡಿಂಚು ಉದ್ದ. ಕೋಟೂ ಎರಡಿಂಚು ಉದ್ದ. ಭುಜದಲ್ಲಿ ದಪ್ಪ ಪ್ಯಾಡು. ಅಣ್ಣನ ಕೋಟನ್ನು ಕದ್ದು ಹಾಕಿಕೊಂಡ ಹಾಗಿದ್ದೆ.

ಅಳತೆ ಚೀಟಿ ತೆಗೆಸಿದೆ. ನನ್ನದೇ ಅಕ್ಷರ, ಸರಿಯಾಗಿಯೇ ಇದೆ. ಮತ್ತೆ ಈ ಎರಡಿಂಚು ಯಾಕೆ ಎಂದೆ. ರೇವಣ್ಣ ಅದರಲ್ಲೇನು ಎಂಬಂತೆ ಹೇಳಿದರು, ಸಣ್ಣ ಅಳತೆ ಬಂದರೆ ಎರಡಿಂಚು ಜಾಸ್ತಿ ಇಟ್ಟೇ ಹೊಲಿಯುವುದು ಅಭ್ಯಾಸವಂತೆ, ಮಕ್ಕಳು ಮುಂದಿನ ವರ್ಷಕ್ಕೆ ಬೆಳೆಯುತ್ತಾರಲ್ಲ. ಪ್ಯಾಡು ಹಾಕಿದ್ದು ನನ್ನ ಮೇಲಿನ ಕಾಳಜಿಗೆ. ಸ್ವಲ್ಪ ದೊಡ್ಡವಳಾಗಿ ಕಾಣಲಿ ಎಂದು.

ಆಗ ಹೇಳಿದೆ. ಇಷ್ಟು ವರ್ಷ ಯಾರಿಗೂ ಹೇಳದೇ ಇದ್ದದ್ದು ಪಾಪ ಅವರ ಮೇಲೆ ಬಿತ್ತು.

"ರೇವಣ್ಣೋರೆ, ನಂಗೆ ಇಪ್ಪತ್ತೇಳು. ಇನ್ನು ಬೆಳೆಯಲ್ಲ ನಾನು. ಇರೋದೇ ಇಷ್ಟು. ಇಷ್ಟಕ್ಕೇ ಹೊಲೀರಿ."

ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಇಬ್ಬರೂ ತಿರುಗಿ ನೋಡಿದರು. ರೇವಣ್ಣ ಕೋಟು ತೆಗೆದುಕೊಂಡು, ಕನ್ನಡಕ ಹಾಕಿಕೊಂಡು, ನನ್ನ ಎದುರೇ ಭುಜದ ಹೊಲಿಗೆ ಬಿಚ್ಚಲು ಶುರು ಮಾಡಿದರು. ಬೇಜಾರು ಮಾಡ್ಕೋಬೇಡಿ ಎಂದು ಹೇಳೋಣವೆನ್ನಿಸಿತು. ಹೇಳಲಿಲ್ಲ.

ನವೆಂಬರ್ 23, ಭಾನುವಾರ

ಬಂತು. ಕಡು ನೀಲಿ. ಸೊಂಟದ ಮೂಳೆಯ ಹತ್ತಿರ ನಿಲ್ಲುತ್ತದೆ, ಹಾಗಾಗಿ ಕಾಲು ಕಾಲಿನಂತೆ ಕಾಣುತ್ತದೆ. ಒಂದೇ ಗುಂಡಿ. ಕಾಲರ್ ಸಣ್ಣದು—ದೊಡ್ಡದಿದ್ದರೆ ಕತ್ತೇ ಇಲ್ಲದ ಹಾಗಾಗುತ್ತಿತ್ತು. ಪ್ಯಾಡಿಲ್ಲ. ಪ್ಯಾಂಟು ಅದೇ ಬಟ್ಟೆಯದು. ರೇವಣ್ಣ ನಿಜಕ್ಕೂ ಕೆಲಸಗಾರ. ಒಳ್ಳೇದಾಗ್ಲಿ ಮೇಡಂ ಎಂದರು. ಯಾವತ್ತೂ ಮಗಾ ಎನ್ನುತ್ತಿದ್ದವರು.

ಅಮ್ಮ ಹಿಂದಿನಿಂದ ನೋಡಿದಳು, ಮುಂದಿನಿಂದ ನೋಡಿದಳು. ಕಾಲರಿಗೆ ಅಂಟಿದ್ದ ನೂಲು ತೆಗೆದಳು.

ನವೆಂಬರ್ 24, ಸೋಮವಾರ. ಸಂಜೆ 7

ಬೆಳಿಗ್ಗೆ ಲಿಖಿತ ಪರೀಕ್ಷೆ, ಮಧ್ಯಾಹ್ನ ಇಂಟರ್‌ವ್ಯೂ. ಮೂವರು ಗಂಡಸರು, ಮೂಲೆಯಲ್ಲಿ ಕೃತಿಕಾ ಮೇಡಂ. ಕುರ್ಚಿ ಎತ್ತರ. ಕಾಲು ನೆಲಕ್ಕೆ ತಾಗಲಿಲ್ಲ. ತುದಿಯಲ್ಲಿ ಕೂತೆ.

ಬೋರರ್ ಹುಳ, ನೆರಳು ಮರದ ಕೊಂಬೆ ತೆಗೆಯುವುದು, ಪಾರ್ಚ್‌ಮೆಂಟ್ ಬೀಜ ಒಣಗಿಸುವಾಗ ಮೋಡ ಬಂದರೆ ಏನು ಮಾಡುತ್ತೀರಿ... ಎಲ್ಲಕ್ಕೂ ಪಟಪಟನೆ ಹೇಳಿದೆ. ಗಂಡಾಳುಗಳು ನಿಮ್ಮ ಮಾತು ಕೇಳುತ್ತಾರೆಯೇ ಎಂದರು. ಆರು ವರ್ಷದಿಂದ ಕೇಳುತ್ತಿದ್ದಾರೆ ಎಂದೆ. ಮಧ್ಯದಲ್ಲಿ ಕೂತಿದ್ದ ಹಿರಿಯರಿಗೆ ಸಾಲಲಿಲ್ಲ. ಬಾಳೂರು ಕಡೆಯ ನಮ್ಮ ತೋಟಗಳಲ್ಲಿ ಆನೆ ಜಾಸ್ತಿಯಾಗಿದೆ, ನೀವು ನೋಡಿದರೆ ಇಷ್ಟೇ ಇದ್ದೀರಿ ಎಂದು ಕೈಯಲ್ಲಿ ನನ್ನ ಎತ್ತರ ತೋರಿಸಿದರು. ಟೇಬಲ್ಲಿಗಿಂತ ಸ್ವಲ್ಪ ಮೇಲೆ.

"ಆನೆ ಬಂದ್ರೆ ಆರಡಿಯವ್ರೂ ಓಡ್ತಾರೆ ಸಾರ್. ನಾನೂ ಓಡ್ತೀನಿ. ಆಳುಗಳನ್ನ ಮೊದ್ಲು ಓಡಿಸಿ, ಆಮೇಲೆ."

ಮೂವರೂ ನಕ್ಕರು. ಒಳ್ಳೆಯ ನಗುವೋ ಕೆಟ್ಟದೋ ಗೊತ್ತಾಗಲಿಲ್ಲ. ಏಳುವಾಗ ಒಬ್ಬರು ಕೋಟು ಹೊಗಳಿದರು, ವೆರಿ ಸ್ಮಾರ್ಟ್, ಬೆಂಗಳೂರಲ್ಲಿ ತಗೊಂಡಿದ್ದಾ ಎಂದು. ಬಣಕಲ್ ಎಂದೆ. ಮತ್ತೆ ನಕ್ಕರು.

ಚೆನ್ನಾಗಿಯೇ ಆಯಿತು. ಆಗಿದೆ ಅನ್ನಿಸುತ್ತದೆ.

ನವೆಂಬರ್ 29, ಶನಿವಾರ

ಸೆಲೆಕ್ಟ್ ಆಗಿದ್ದೇನೆ.

ಫೀಲ್ಡಿಗಲ್ಲ. ಕಂಪನಿಯ ರೆಸಾರ್ಟಿಗೆ. ಕಳಸದ ದಾರಿಯಲ್ಲಿರುವ ರೆಸಾರ್ಟಿನ ರಿಸೆಪ್ಷನ್. ನಿಮ್ಮ ಅಚ್ಚುಕಟ್ಟಾದ ವೇಷಭೂಷಣ, ಹಿತವಾದ ವ್ಯಕ್ತಿತ್ವ ನೋಡಿ ಪ್ಯಾನೆಲ್ ಸರ್ವಾನುಮತದಿಂದ ಎಂದೇನೋ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಬುಧವಾರ ಸಂಜೆ ಐದರೊಳಗೆ ಒಪ್ಪಿಗೆ ಕಳಿಸಬೇಕು.

ನಾಲ್ಕು ಸಲ ಓದಿದೆ. ಬೋರರ್ ಬಗ್ಗೆ ಹೇಳಿದ್ದು, ಪಾರ್ಚ್‌ಮೆಂಟ್ ಬಗ್ಗೆ ಹೇಳಿದ್ದು ಯಾವ ಕಿವಿಗೂ ಹೋಗಿಲ್ಲ. ಕೋಟು ಮಾತ್ರ ಕಂಡಿದೆ. ಹರಿದು ಹಾಕುವಷ್ಟು ಸಿಟ್ಟು ಬಂತು. ಬಂದವರಿಗೆ ವೆಲ್‌ಕಮ್ ಡ್ರಿಂಕ್ ಕೊಡಲು ಇಷ್ಟು ವರ್ಷ ಗಿಡ ನೋಡಿದೆನೇ?

ಅಮ್ಮ ಆಳುಗಳ ಲೈನಿನ ಎಲ್ಲ ಮನೆಗೂ ಹೇಳಿ ಬಂದಿದ್ದಾಳೆ. ಅಪ್ಪ ಪಕ್ಕದಲ್ಲಿ ಬಂದು ಕೂತರು.

"ಕೂತ್ಕೊಂಡು ಮಾಡೋ ಕೆಲ್ಸ ಮಗಾ. ತಗೊ. ಮಳೇಲಿ ನೆನೆಯೋದು, ಉಂಬಳ ಕಚ್ಚಿಸ್ಕೊಳ್ಳೋದು ನಂಗೇ ಸಾಕು."

ಅಪ್ಪನ ಮೇಲೆ ಸಿಟ್ಟು ಮಾಡಲು ಆಗುವುದಿಲ್ಲ. ಕಾಲಿನ ತುಂಬ ಕಪ್ಪು ಕಲೆ ಇರುವ ಮನುಷ್ಯ. ಅದಕ್ಕೇ ಇನ್ನೂ ಸಿಟ್ಟು.

ಡಿಸೆಂಬರ್ 1, ಸೋಮವಾರ

ಕೃತಿಕಾ ಮೇಡಂಗೆ ಫೋನ್ ಮಾಡಿದೆ. ನಾನು ಕೇಳಿದ್ದು ಫೀಲ್ಡ್, ಏನೋ ತಪ್ಪಾಗಿದೆ ಎಂದೆ. ತಪ್ಪಾಗಿಲ್ಲ ಎಂದರು. ಪ್ಯಾನೆಲ್‌ಗೆ ನಾನು ಫೀಲ್ಡಿಗೆ ಸ್ವಲ್ಪ ಡೆಲಿಕೇಟ್ ಅನ್ನಿಸಿತಂತೆ. ಡೆಲಿಕೇಟ್! ನಲವತ್ತು ಕೆಜಿ ಹಣ್ಣಿನ ಮೂಟೆ ತೂಕದ ಕಾಂಟಾಕ್ಕೆ ಎತ್ತಿಟ್ಟಿದ್ದೇನೆ, ನನಗಿಂತ ಒಂದು ಕೆಜಿ ಜಾಸ್ತಿ.

ಪರೀಕ್ಷೆಯಲ್ಲಿ ಕಡಿಮೆ ಬಂದಿದ್ದರೆ ಹೇಳಿ, ಸುಮ್ಮನಾಗುತ್ತೇನೆ ಎಂದೆ. ಆ ಕಡೆ ಬಾಗಿಲು ಹಾಕಿದ ಸದ್ದು. ಆಮೇಲೆ ಸಣ್ಣ ದನಿ.

"ಪೇಪರಲ್ಲಿ ನೀವೇ ಫಸ್ಟು ರಂಜಿತಾ. ಎರಡನೆಯವ್ರಿಗೂ ನಿಮಗೂ ಹನ್ನೊಂದು ಮಾರ್ಕ್ಸ್ ವ್ಯತ್ಯಾಸ. ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ."

ಫೀಲ್ಡ್ ಕೆಲಸ ಎರಡನೆಯವನಿಗೆ ಹೋಗಿದೆಯಂತೆ. ರಿಸೆಪ್ಷನ್ ಬೇಡ ಎಂದರೆ ನನಗೆ ಹೊಸ ಕೆಲಸ ಏನೂ ಇಲ್ಲ.

ಇವತ್ತು ಮಸ್ಟರಿನಲ್ಲಿ ಎರಡು ಹೆಸರು ತಪ್ಪು ಬರೆದೆ. ಆರು ವರ್ಷದಲ್ಲಿ ಮೊದಲು.

ಡಿಸೆಂಬರ್ 2, ಮಂಗಳವಾರ. ರಾತ್ರಿ 8.15

ನಾಳೆ ಹೆಡ್ ಆಫೀಸಿಗೆ ಹೋಗಿ ಎಂ.ಡಿ.ಯನ್ನೇ ಕೇಳುತ್ತೇನೆ. ಕೃತಿಕಾ ಹೆಸರು ತೆಗೆಯುವುದಿಲ್ಲ. ಎಲ್ಲರ ಮಾರ್ಕ್ಸ್ ತೋರಿಸಿ ಎಂದಷ್ಟೇ. ರಿಸೆಪ್ಷನ್, ಈಗಿನ ರೈಟರ್ ಕೆಲಸ ಎರಡೂ ಹೋಗಬಹುದು. ಮನೆಯಲ್ಲಿ ಹೇಳದೇ ಹೋಗುವುದು ಸರಿಯಲ್ಲ ಎಂದು ಊಟಕ್ಕೆ ಕೂತಾಗ ಹೇಳಿದೆ.

ಅಪ್ಪ ರೊಟ್ಟಿ ಮುರಿಯುತ್ತಿದ್ದರು. ಯಾರು ಫಸ್ಟು ಎಂದರು. ನಾನು ಎಂದೆ. ಕೆಲಸ ಯಾರಿಗೆ ಎಂದರು. ಎರಡನೆಯವನಿಗೆ ಎಂದೆ. ಮತ್ತೆ ಮೊದಲಿಂದ ಕೇಳಿದರು, ಮತ್ತೆ ಹೇಳಿದೆ. ತಟ್ಟೆ ಆಚೆ ದೂಡಿದರು. ಮುಖ ಕೆಂಪಾಗಿತ್ತು. ಎಷ್ಟು ಮ್ಯಾನೇಜರುಗಳು ಬಂದುಹೋದರು, ಎಷ್ಟು ಜನ ಎಲ್ಲರೆದುರು ಬೈದರು, ಅಪ್ಪನ ಮುಖ ಹೀಗಾದದ್ದು ನಾನು ನೋಡಿಯೇ ಇರಲಿಲ್ಲ. ಆ ರಿಸೆಪ್ಷನ್ ಬೇಡ ಎಂದರು. ಅಮ್ಮ ಬಾಯಿ ತೆರೆದಳು, ಅವಳ ಕಡೆ ನೋಡಲೂ ಇಲ್ಲ. ನಾಳೆ ನಾನೂ ಬರುತ್ತೇನೆ ಎಂದು ಎದ್ದು ಬಿಳಿ ಅಂಗಿ ಹುಡುಕಲು ಶುರು ಮಾಡಿದರು.

ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೂ ಹೇಳಲೇಬೇಕಾಯಿತು.

"ನೀವು ಬರಬೇಡಿ ಅಪ್ಪ. ಅಪ್ಪನ್ನ ಕರ್ಕೊಂಡು ಬಂದ್ಲು ಅಂತಾರೆ. ಅಲ್ಲಿ ಮತ್ತೆ ಚಿಕ್ಕ ಹುಡುಗಿ ಆಗ್ಬಿಡ್ತೀನಿ."

ಅಂಗಿ ಕೈಯಲ್ಲಿ ಹಿಡಿದು ನಿಂತೇ ಇದ್ದರು. ಆಮೇಲೆ ಮಡಚಿ ಪೆಟ್ಟಿಗೆಯಲ್ಲಿಟ್ಟರು. ನೋವಾಯಿತೋ ಏನೋ. ಕೇಳಲು ಧೈರ್ಯವಾಗಲಿಲ್ಲ.

ಡಿಸೆಂಬರ್ 3, ಬುಧವಾರ. ಬೆಳಿಗ್ಗೆ 7.20, ಬಸ್ಸಿನಲ್ಲಿ

ಕೋಟು ಹಾಕಿದ್ದೇನೆ. ಹಾಕದೇ ಹೋಗೋಣ ಎಂದುಕೊಂಡಿದ್ದೆ, ಹಟಕ್ಕೆ. ಕೋಟಿನ ತಪ್ಪೇನು.

ಅಪ್ಪ ಸ್ಟಾಪಿನವರೆಗೆ ಬಂದರು. ಕೆಲಸದ ಬಟ್ಟೆಯಲ್ಲೇ. ಬಸ್ಸು ಹತ್ತುವಾಗ ಯಾವಾಗಲೂ ಹೇಳುವುದನ್ನೇ ಹೇಳಿದರು, ಇಳಿದ ತಕ್ಷಣ ಫೋನ್ ಮಾಡು ಎಂದು. ಬಸ್ಸು ಹೊರಟ ಮೇಲೆ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ ಬಂದು ಕಿಟಕಿ ತಟ್ಟಿದರು.

"ಇಳಿದಾಗ ಬ್ಯಾಡ. ಹೇಳಿ ಮುಗಿಸಿದ್ಮೇಲೆ ಮಾಡು."

ಇಡೀ ಬಸ್ಸಿನ ಎದುರು ಅತ್ತುಬಿಟ್ಟೆ. ಸಿಟ್ಟಿಗಲ್ಲ.

10.40, ಹೆಡ್ ಆಫೀಸು

ಗೇಟಿನ ಸೆಕ್ಯುರಿಟಿ ಯಾರ ಜೊತೆ ಬಂದಿದ್ದೀಯಮ್ಮ ಎಂದ. ಯಾರ ಜೊತೆಯೂ ಅಲ್ಲ ಎಂದೆ. ರಿಜಿಸ್ಟರಿನಲ್ಲಿ ಹೆಸರು ಬರೆದೆ. ಯಾರನ್ನು ನೋಡಬೇಕು ಎಂಬಲ್ಲಿ ಎಂ.ಡಿ. ಎಂದು ಬರೆದೆ. ಅವನು ಅದನ್ನು ಓದಿ, ನನ್ನನ್ನು ನೋಡಿ, ಫೋನ್ ಎತ್ತಿದ. ಕೂರಿ ಮೇಡಂ ಎಂದ.

ಐವತ್ತು ನಿಮಿಷ ಆಯಿತು. ಸಿಟ್ಟು ಆರಿಲ್ಲ. ಆರದಿದ್ದರೇ ಒಳ್ಳೆಯದು, ಆರಿದರೆ ಥ್ಯಾಂಕ್ಯೂ ಸಾರ್ ಎಂದು ಹೇಳಿ ಬಂದುಬಿಡುತ್ತೇನೆ. ಕೂತು ಮಾತಾಡುವುದಿಲ್ಲ, ನಿಂತೇ ಮಾತಾಡುತ್ತೇನೆ. ಮೊದಲು ಮಾರ್ಕ್ಸ್ ಕೇಳುವುದು. ಅವರು ಡೆಲಿಕೇಟ್ ಎಂದರೆ, ಆಗ—

ಕರೆದರು. ಹೆಸರು ಹಿಡಿದೇ ಕರೆದರು. ಪುಸ್ತಕ ಮುಚ್ಚಿ ಏಳುತ್ತೇನೆ.