ಎಸಿ ಆರಿಸಿ ಹುನಗುಂದ ಮುಟ್ಟಿದ್ದು

ಹುನಗುಂದ, ಭಾನುವಾರ

ಭಾವ, ನಿಮಗೂ ಅಕ್ಕನಿಗೂ ನಮಸ್ಕಾರ.

ನೀವು ಕೊಳ್ಳಬೇಕೆಂದಿರುವ ಎಲೆಕ್ಟ್ರಿಕ್ ಕಾರಿನಲ್ಲೇ ಗೆಳತಿ ವರದಾ ನಿನ್ನೆ ನನಗೆ ಬಾದಾಮಿ ತೋರಿಸಿ ಇಳಕಲ್ಲಿಗೆ ಹೊರಟಿದ್ದಳು. ಕಂಪನಿ ಹೇಳುವುದು ಒಂದು ಚಾರ್ಜಿಗೆ ಮುನ್ನೂರು ಕಿಲೋಮೀಟರ್. ಇಲ್ಲಿನ ಬಿಸಿಲಿಗೆ ಎಸಿ ಹಾಕಿದರೆ ಇನ್ನೂರು ದಾಟುವುದಿಲ್ಲ. ಹುನಗುಂದದಲ್ಲಿ ಚಾರ್ಜ್ ಮಾಡೋಣವೆಂದು ಬರುತ್ತಿದ್ದಾಗ, ಅಮೀನಗಡ ದಾಟಿದ ಮೇಲೆ ಹನಮಂತಪ್ಪ ಎಂಬ ರೈತರು ಕೈ ಅಡ್ಡ ಹಾಕಿದರು. ಅವರ ಹೆಂಡತಿ ದಾನಮ್ಮನಿಗೆ ಹೊಲದಲ್ಲಿ ಹಾವು ಕಚ್ಚಿತ್ತು. ನಿಧಾನ ಹೋದರೆ ಚಾರ್ಜು ಸಾಲುತ್ತಿತ್ತು, ಆದರೆ ವಿಷ ಕಾಯುವುದಿಲ್ಲವಲ್ಲ.

"ಜೋರ್ ಹೊಡದ್ರ ಚಾರ್ಜ್ ಭಾಳ ತಿಂತದ. ಎಸಿ ಬಂದ್ ಮಾಡ್ತೇನಿ, ಸೆಕಿ ತಡಕೋರಿ" ಎಂದು ವರದಾ ಇಬ್ಬರನ್ನೂ ಹತ್ತಿಸಿಕೊಂಡು ಕಾರು ಓಡಿಸಿದಳು. ಎಲ್ಲರೂ ಬೆವರಲ್ಲಿ ತೊಯ್ದುಹೋದೆವು. ದವಾಖಾನೆ ಮುಟ್ಟಿದಾಗ ಬ್ಯಾಟರಿಯಲ್ಲಿ ಉಳಿದದ್ದು ಮೂರು ಪರ್ಸೆಂಟ್. ಎಂಥ ಹುಡುಗಿ, ಎಂಥ ಗಾಡಿ!

ಸೆಕೆಗೆ ನನಗೆ ಬಂದ ತಲೆನೋವು ಮಜ್ಜಿಗೆ ಕುಡಿದ ಮೇಲೆ ಹೋಯಿತು. ಕಾರು ಖಂಡಿತ ಕೊಳ್ಳಿ, ಕಂಪನಿ ಹೇಳಿದ್ದರಲ್ಲಿ ಮೂರನೇ ಒಂದು ಪಾಲು ಕಳೆದು ಊರು ಬಿಡಿ.

ಕಾರ್ಡು ತುಂಬಿತು. ಇವತ್ತು ದಾನಮ್ಮ ಎದ್ದು ಕೂತು ವರದಾಳ ಕೈ ಹಿಡಿದು ಹೇಳಿದರು: "ನಿಮ್ಮ ಗಾಡಿ ಸಪ್ಪಳನ ಮಾಡ್ಲಿಲ್ರಿ ಅಕ್ಕಾರ. ನಾ ಸತ್ತ ಹೋಗೇನಿ ಅನಕೊಂಡಿದ್ದೆ."

ಕುಮುದ