ಅಪ್ಪನ ಲಾಳಿ ನಿಧಾನ ಮಾಡು

ಸುಶ್ಮಿತಾ,

ಸೀರೆ ಕೊಟ್ಟುಬರಲು ಕಮತಗಿಗೆ ಹೋಗುತ್ತಿದ್ದೇನೆ. ರೊಟ್ಟಿ ಬುಟ್ಟಿಯಲ್ಲಿವೆ. ಪುಂಡಿಪಲ್ಯ ಬಿಸಿ ಮಾಡಿಕೊಳ್ಳಿ.

ನೀನು ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿದಂದಿನಿಂದ ಟಚ್‌ಪ್ಯಾಡಿಗೆ ಬೆರಳು ತಾಗಿಸಿದರೆ ಸಾಕು, ಪರದೆಯ ಮೇಲಿನ ಬಾಣ ಓಡಿಹೋಗುತ್ತದೆ. ಸೆಟ್ಟಿಂಗಿನಲ್ಲಿ ವೇಗ ಕಡಿಮೆ ಮಾಡಿ ನೋಡಿದೆ. ಬಂದ್ ಮಾಡಿ ಚಾಲೂ ಮಾಡಿದರೆ ಮತ್ತೆ ಅದೇ ಓಟ. ಕಡಿಮೆ ಮಾಡಿದ್ದು ಉಳಿಯುವಂತೆ ಮಾಡು. ನಿನಗೆ ಆ ವೇಗವೇ ಬೇಕಿದ್ದರೆ ನಿನ್ನ ಹೆಸರಿನಲ್ಲಿ ಬೇರೆ ಲಾಗಿನ್ ಇಟ್ಟುಕೋ.

ನಿನ್ನೆ ಅಪ್ಪ ಸೀರೆಯ ಅಂಚಿನ ಚಿತ್ತಾರ ಬಿಡಿಸಲು ಲ್ಯಾಪ್‌ಟಾಪಿನ ಮುಂದೆ ಕುಳಿತಿದ್ದರು. ಬಾಣಕ್ಕೆ ಅವರು ಮಗ್ಗದ ಲಾಳಿಯ ಹೆಸರನ್ನೇ ಇಟ್ಟಿದ್ದಾರಲ್ಲ. "ಲಾಳಿ ನನ್ನ ಮಾತು ಕೇಳವಲ್ದು. ಲಕ್ವಾ ಹೊಡದ ಕೈ, ಇನ್ನ ಮುಗೀತು ಬಿಡು" ಎಂದು ಬಲಗೈಯನ್ನು ಶಾಲಿನೊಳಗೆ ಇಟ್ಟುಕೊಂಡರು. ಊಟಕ್ಕೂ ಹೊರಗೆ ತೆಗೆಯಲಿಲ್ಲ. ನಾನೇ ತುತ್ತು ಮಾಡಿ ಕೊಟ್ಟೆ.

ಅವರ ಎದುರಿಗೇ ಸರಿಮಾಡು. ಕದ್ದು ಸರಿಮಾಡಿದರೆ ಕೈ ಮೇಲಿನ ಸಂಶಯ ಹೋಗುವುದಿಲ್ಲ. "ತಪ್ಪು ನಂದು ಅಪ್ಪಾ, ನಿನ್ನ ಕೈದಲ್ಲ" ಅಂತ ಬಾಯಿಬಿಟ್ಟು ಹೇಳು. ಆಮೇಲೆ ಬಾಣವನ್ನು ಅವರೇ ನಡೆಸಲಿ, ನೀನು ಅವರ ಬೆರಳು ಹಿಡಿದು ನಡೆಸಬೇಡ.

ನಾನು ಬರುವಷ್ಟರಲ್ಲಿ ಆ ಕೈ ಶಾಲಿನಿಂದ ಹೊರಗೆ ಬಂದಿರಲಿ.

ಅವ್ವ